ಬೆಳಗುವ ಆಟಿಕೆ ಕತ್ತಿ (ಲೈಟ್‌ಸೇಬರ್) ಮೊದಲ ಸಲ ಮಾಡ್ತಿದ್ದೀರಾ? ಹಿಡಿಯ ಒಳಗಿನಿಂದ ಶುರು ಮಾಡಿ

ಹೊರಗಿನ ಅಂದ ಆಮೇಲೆ ನೋಡೋಣ. ಮೊದಲು ಹಿಡಿಯೊಳಗೆ ಹೋಗುವ ಸಾಮಾನನ್ನೆಲ್ಲ ಹಾಳೆಯ ಮೇಲೆ ನಿಜವಾದ ಅಳತೆಯಲ್ಲೇ ಬರೆದುಕೊಳ್ಳಿ. 18650 ಅನ್ನುವ ರೀಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ, ಪ್ರೊಟೆಕ್ಷನ್ ಸರ್ಕ್ಯೂಟ್ (ಶಾರ್ಟ್ ಆದರೆ ಕರೆಂಟ್ ಕಡಿಯುವ ಸಣ್ಣ ಬೋರ್ಡ್) ಇರುವುದಾದರೆ ಇನ್ನೂ ಸ್ವಲ್ಪ ಉದ್ದ, ಮೇಲೆ ಹೋಲ್ಡರ್, ಸ್ವಿಚ್‌ನ ಹಿಂಭಾಗ, ವೈರ್ ಬಾಗುವುದಕ್ಕೆ ಜಾಗ ಎಲ್ಲ ಬೇಕು. ಹಿಡಿಗೆ ಪೈಪ್ ತರುವುದು ಇದಾದ ಮೇಲೆಯೇ.

ಅಲಗಿಗೆ ಪಾಲಿಕಾರ್ಬೊನೇಟ್ ಟ್ಯೂಬೇ ತೆಗೆದುಕೊಳ್ಳಿ. ಅಕ್ರಿಲಿಕ್ ನೋಡೋಕೆ ಚೆನ್ನಾಗಿರುತ್ತದೆ, ಆದರೆ ಏಟು ಬಿದ್ದರೆ ಚೂಪಾಗಿ ಒಡೆಯುತ್ತದೆ. ಮಕ್ಕಳು ಹಿಡಿದು ಆಡಿಯೇ ಆಡುತ್ತಾರೆ ಅಲ್ವಾ?

ಮೊದಲ ಸಲಕ್ಕೆ ಅಲಗಿನ ಉದ್ದಕ್ಕೂ ಎಲ್‌ಇಡಿ ಸ್ಟ್ರಿಪ್ ಬೇಡ. ಹಿಡಿಯ ತುದಿಯಲ್ಲಿ ಒಂದೇ 3 ವ್ಯಾಟ್ ಎಲ್‌ಇಡಿ, ಮುಂದೆ ಲೆನ್ಸ್ ಸಾಕು. ಕರೆಂಟನ್ನು ಮಿತಿಯಲ್ಲಿಡುವ ರೆಸಿಸ್ಟರ್ ಮಾತ್ರ ಬಿಡಬೇಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್, ಕೆಂಪು ಎಲ್‌ಇಡಿಗೆ ಬೇಕಾದದ್ದು ಸುಮಾರು 2.2, ಉಳಿದ 2 ವೋಲ್ಟನ್ನು ರೆಸಿಸ್ಟರ್ ತಡೆಯಬೇಕು, ಅಂದರೆ 1 ಆಂಪಿಯರ್ ಹರಿಸಲು 2 ಓಮ್. ಅದರಲ್ಲೇ 2 ವ್ಯಾಟ್ ಬಿಸಿ ಹುಟ್ಟುತ್ತದೆ, ಹಾಗಾಗಿ 5 ವ್ಯಾಟ್‌ನದ್ದನ್ನೇ ಕೇಳಿ. ನೀಲಿ, ಹಸಿರಿಗೆ ಲೆಕ್ಕ ಬೇರೆ, ಅವಕ್ಕೆ 3 ವೋಲ್ಟ್‌ಗಿಂತ ಜಾಸ್ತಿ ಬೇಕು. ಎಲ್‌ಇಡಿಯನ್ನು ಅಲ್ಯೂಮಿನಿಯಂ ತುಂಡಿಗೆ ಥರ್ಮಲ್ ಪೇಸ್ಟ್ (ಬಿಸಿ ದಾಟಿಸುವ ಲೇಪ) ಹಚ್ಚಿ ಕೂರಿಸಿ, ಇಲ್ಲದಿದ್ದರೆ ಬಿಸಿಗೆ ಬೇಗ ಹಾಳಾಗುತ್ತದೆ.

ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ನಲ್ಲಿ ಬಿಡಿಭಾಗ ಹುಡುಕುವುದು ಸುಲಭ. ಬ್ಯಾಟರಿ ಮಾತ್ರ ಪ್ರೊಟೆಕ್ಷನ್ ಇರುವುದನ್ನೇ ಕೊಳ್ಳಿ, ಹಳೆ ಲ್ಯಾಪ್‌ಟಾಪ್‌ನಿಂದ ಕಿತ್ತದ್ದು ಖಂಡಿತ ಬೇಡ. ಎಲ್ಲ ಜೋಡಿಸಿ ಪೈಪಿನ ಹೊರಗೇ ಎಲ್‌ಇಡಿ ಉರಿಸಿ ನೋಡಿ, ಬೆಸುಗೆ ಹಾಕಿದ ಕಡೆಯೆಲ್ಲ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ, ಆಮೇಲೆ ಪೈಪಿನೊಳಗೆ ತಳ್ಳಿ.