ಲಂಟಾನದೊಳಗೇ ಕಾಡು ಎಬ್ಬಿಸಿದೆ: ನನ್ನ ಅನುಭವ

ನಮ್ಮ ತೋಟ ಕೊಡಗಿನಲ್ಲಿ, ಮೇಲಂಚಿಗೆ ಬ್ರಹ್ಮಗಿರಿ ಅಭಯಾರಣ್ಯ. ನಡುವೆ ಮೂರು ಎಕರೆ ಚಿಲ್ಲರೆ ಬಾಣೆ (ಗದ್ದೆಗೆ ಸೇರಿದ ಮರಗಾಡು ಜಮೀನು), ಅಪ್ಪನ ಕಾಲದಿಂದಲೂ ಪಾಳು, ಪೂರ್ತಿ ಲಂಟಾನ ಎಂಬ ಮುಳ್ಳುಕಳೆಯ ಪೊದೆ. ಕೆಳಗಿನ ತೋಡು (ಸಣ್ಣ ಹಳ್ಳ) ಫೆಬ್ರವರಿಗೇ ಬತ್ತುತ್ತಿತ್ತು, ಅದಕ್ಕೇ ಅಲ್ಲಿ ಕಾಡು ಮಾಡಬೇಕು ಅಂತ ಹಠ ಬಂತು. ಪಕ್ಕದ ತೋಟದವರು ನಕ್ಕರು. "ಆನೆಗೆ ನೀವೇ ಮನೆ ಕಟ್ಟಿ ಕೊಡ್ತೀರಾ? ಸಿಲ್ವರ್ ಓಕ್ ಮರ ಹಾಕಿ ಮೆಣಸು ಹಬ್ಬಿಸಿ ಅಣ್ಣಾ."

ಸಿಲ್ವರ್ ಲೆಕ್ಕ ನನಗೂ ಗೊತ್ತು. ಬೇಗ ಬೆಳೆಯುತ್ತದೆ, ಕಡಿಯುವಾಗ ರಗಳೆ ಇಲ್ಲ. ರಿಡೀಮ್ ಆಗದ, ಅಂದರೆ ಸರ್ಕಾರಕ್ಕೆ ಮರದ ಬೆಲೆ ಕಟ್ಟಿ ಬಿಡಿಸಿಕೊಳ್ಳದ ಬಾಣೆಯಲ್ಲಿ ಕಾಡುಮರದ ಹಕ್ಕು ಸರ್ಕಾರದ್ದು. ಹಾಗಾಗಿ ದುಡ್ಡಿಗಾಗಿ ಮಾಡುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮೊದಲು ಎಲ್ಲರ ಹಾಗೆ ಜೆಸಿಬಿ ತರಿಸಿ ಅದು ಹತ್ತಿದಷ್ಟೂ ಬಾಣೆ ಬೋಳು ಮಾಡಿಸಿದೆ, ಗುಂಡಿ ತೆಗೆಸಿದೆ, ನರ್ಸರಿಯಿಂದ ಪಾಲಿಥೀನ್ ಚೀಲದ ಗಿಡ ತಂದೆ. ಒಂದೂವರೆ ಲಕ್ಷದ ಮೇಲೆ ಹೋಯಿತು. ಜುಲೈ ಮಳೆಗೆ ಮೇಲ್ಮಣ್ಣು ತೋಡಿಗೆ ಇಳಿಯಿತು. ಬೋಳಾದ ಕಡೆ ಕಮ್ಯುನಿಸ್ಟ್ ಗಿಡ ಎಂಬ ಕಳೆ ಎದ್ದಿತು. ಕಡವೆ ಪ್ರತಿ ಗಿಡದ ಕುಡಿ ತಿಂದಿತು. ಉಳಿದದ್ದನ್ನು ಬಿಸಿಲು ಮುಗಿಸಿತು, ಕಿತ್ತು ನೋಡಿದರೆ ಬೇರು ಚೀಲದ ಆಕಾರದಲ್ಲೇ ಸುತ್ತಿಕೊಂಡಿತ್ತು. ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರಿತು!

ಆದರೆ ಜೆಸಿಬಿ ಹತ್ತದ ಇಳಿಜಾರಿನ ಮೂಲೆಯಲ್ಲಿ, ಪೊದೆಯ ಒಳಗೆ, ಧೂಪ ಮತ್ತು ಹೆಬ್ಬಲಸು ಎಂಬ ಕಾಡುಮರಗಳ ಸಸಿಗಳು ಎದೆ ಮಟ್ಟ ನಿಂತಿದ್ದವು. ಯಾರೂ ನೆಟ್ಟದ್ದಲ್ಲ. ನೆರಳಿದೆ, ತೇವ ಇದೆ, ಕಡವೆಯ ಬಾಯಿ ತಲುಪಲ್ಲ. ಅಂದರೆ ಪುಕ್ಕಟೆ ಬೇಲಿಯನ್ನು ಕಿತ್ತುಹಾಕಲು ನಾವು ಕೂಲಿ ಕೊಡುತ್ತಿದ್ದೇವೆ, ಅಲ್ವಾ?

ಆಮೇಲೆ ಮೇ ಕೊನೆಗೆ ಲಂಟಾನದೊಳಗೆ ಒಬ್ಬ ಬಗ್ಗಿ ನುಗ್ಗುವಷ್ಟು ಸಾಲು ಮಾತ್ರ ಕಡಿಸಿದೆ, ಹತ್ತು ಹನ್ನೆರಡು ಅಡಿಗೆ ಒಂದರಂತೆ. ಗಿಡ ಇಲ್ಲ, ನೇರ ಬೀಜ. ಧೂಪದ ಬೀಜ ಒಣಗಿದರೆ ಸತ್ತಿತು, ಬಿದ್ದ ವಾರದೊಳಗೆ ಮಣ್ಣಿಗೆ ಹೋಗಬೇಕು. ಅಭಯಾರಣ್ಯದೊಳಗಿಂದ ಬೀಜ ಆರಿಸುವುದು ಕಾನೂನಿಗೆ ವಿರುದ್ಧ, ದೇವರಕಾಡಿನದ್ದು ಮುಟ್ಟುವ ಹಾಗಿಲ್ಲ. ತೋಟಗಳಲ್ಲಿ ಮತ್ತು ರಸ್ತೆ ಬದಿ ಬಿದ್ದದ್ದೇ ಬೇಕಾದಷ್ಟು ಸಿಕ್ಕಿತು. ಮುಳ್ಳುಹಂದಿ, ಹಂದಿ ಬೀಜ ಕೆದಕುವುದಕ್ಕೆ ನನ್ನ ಹತ್ತಿರ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ತೋಟಕ್ಕೆ ಬಂದವರಿಗೆ ತೋರಿಸುತ್ತೇನೆ.

ಎರಡು ಮೂರು ಮಳೆ ಕಳೆದು ಸಸಿ ಲಂಟಾನದ ಮೇಲೆ ತಲೆ ಎತ್ತಿದ ಮೇಲೆ ಅದರ ಸುತ್ತ ಮಾತ್ರ ಬಿಡಿಸಬೇಕು. ಅದೂ ಕತ್ತಿಯಿಂದ ಕೊಚ್ಚಿದರೆ ದುಪ್ಪಟ್ಟು ಬರುತ್ತದೆ. ಮಣ್ಣಿನ ಕೆಳಗೆ ತಾಯಿಬೇರು ಕತ್ತರಿಸಿ, ಬುಡಮೇಲು ಮಾಡಿ ಒಣಗಲು ಬಿಡಬೇಕು. ಇದು ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ರೂಪಿಸಿದ ವಿಧಾನ, ನನ್ನದಲ್ಲ. ಸಾಲು ಕಡಿದು ಒಳಗೆ ಬಿತ್ತುವ ಬುದ್ಧಿ ಮಾತ್ರ ನನ್ನದು, ಅದನ್ನು ಬಿಟ್ಟುಕೊಡಲ್ಲ!

ಮಧ್ಯೆ ಬೇರೆ ಆಟಗಳನ್ನೂ ಆಡಿದೆ. ಮಣ್ಣುಂಡೆಯೊಳಗೆ ಬೀಜ ಇಟ್ಟು ಎಸೆಯುವ ಬೀಜದುಂಡೆ ಶೋಕಿಯೂ ಆಯಿತು, ಇಲ್ಲಿನ ಮಳೆಗೆ ಕರಗಿ ಹೋದವು, ಫೋಟೊಗೆ ಚೆನ್ನ ಅಷ್ಟೆ. ಬಿದಿರಿನ ಗಳ ನೆಟ್ಟು ಹಕ್ಕಿ ಕೂರಲು ಜಾಗ ಮಾಡಿದ್ದು ಮಾತ್ರ ಲಾಭ. ಪಿಕಳಾರ ಹಕ್ಕಿಗಳು ಹಿಕ್ಕೆ ಹಾಕಿದಲ್ಲೆಲ್ಲ ನೇರಳೆ ಎದ್ದಿದೆ. ಪುನುಗು ಬೆಕ್ಕಿನ ಹಿಕ್ಕೆಯಿಂದ ತಾಳೆ ಜಾತಿಯ ಬೈನೆ ಮರ ಬಂತು.

ಎರಡನೇ ಸಲದ ಖರ್ಚು, ನಾಲ್ಕು ವರ್ಷಕ್ಕೆ ಎಲ್ಲಾ ಸೇರಿ, ನಲವತ್ತು ಸಾವಿರದ ಒಳಗೆ, ಹೆಚ್ಚಿನದು ಕೂಲಿ. ಬಿತ್ತಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ನಿಂತಿದೆ. ತೋಡು ಈಗ ಮಾರ್ಚ್‌ವರೆಗೆ ಹರಿಯುತ್ತದೆ, ಅದು ಗಿಡದಿಂದಲೋ ಮಳೆಯಿಂದಲೋ ಅಂತ ನಾನು ವಾದಕ್ಕೆ ಬರಲ್ಲ. ಆನೆ? ಮುಂಚೆಯೂ ಬರುತ್ತಿತ್ತು, ಹಲಸಿನ ಕಾಲಕ್ಕೆ ಈಗಲೂ ಬರುತ್ತದೆ. ಒಂದಿಷ್ಟು ಬೈನೆ ಮುರಿದು ಹೋಗುತ್ತದೆ.

ಕುಶಾಲನಗರದ ಕಡೆಯವರು ಇದನ್ನು ಹೀಗೇ ಮಾಡಲು ಹೋಗಬೇಡಿ. ಅದು ಒಣ ಸೀಮೆ, ಧೂಪ ನಿಲ್ಲಲ್ಲ, ಬೇಸಿಗೆಯಲ್ಲಿ ಲಂಟಾನಕ್ಕೆ ಬೆಂಕಿ ಬಿದ್ದರೆ ಸಸಿಯೂ ಹೋಯಿತು. ಅಲ್ಲಿ ಹೊನ್ನೆ, ನಂದಿ, ಬೀಟೆ ಆರಿಸಿ, ಜನವರಿಗೆ ಮುಂಚೆ ಸುತ್ತ ಬೆಂಕಿ ಗೆರೆ (ಬೆಂಕಿ ದಾಟದ ಹಾಗೆ ಬೋಳು ಮಾಡಿದ ಪಟ್ಟಿ) ಹೊಡೆಸಿ.