ಕಡಲನ್ನು ಹೊರಗಿಟ್ಟು ಹೊಲ ಮಾಡುವುದು ಹೇಗೆ?

ಕೆನಡಾದ ನೋವಾ ಸ್ಕೋಶಿಯಾದಲ್ಲಿ ಗ್ರಾಂ ಪ್ರೇ ಎಂಬ ಊರಿದೆ. ಫ್ರೆಂಚ್ ಹೆಸರು, ದೊಡ್ಡ ಹುಲ್ಲುಗಾವಲು ಎಂದರ್ಥ. 2012ರಲ್ಲಿ ಯುನೆಸ್ಕೊ ಈ ಊರಿನ ಹೊಲಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಕಾಣುವುದು ಹುಲ್ಲು, ಮೆಕ್ಕೆಜೋಳ, ದನಗಳು, ಅಂಚಿನಲ್ಲಿ ಒಂದು ಮಣ್ಣಿನ ಒಡ್ಡು. ಇಷ್ಟೇನಾ ಅನ್ನಿಸುತ್ತದೆ. ಆದರೆ ದೊಡ್ಡ ಉಬ್ಬರದ ದಿನ ಒಡ್ಡಿನ ಆಚೆ ಕಡಲು ಹೊಲಕ್ಕಿಂತ ಎತ್ತರದಲ್ಲಿ ನಿಂತಿರುತ್ತದೆ!

ಇದು ಫಂಡಿ ಕೊಲ್ಲಿಯ ಒಳತುದಿ. ಉಬ್ಬರ ಇಳಿತಗಳ ನಡುವೆ ಇಲ್ಲಿ ನೀರು 16 ಮೀಟರ್‌ವರೆಗೂ ಏರಿಳಿಯುತ್ತದೆ, ಅದೂ ದಿನಕ್ಕೆ ಎರಡು ಸಲ. ಅಕೇಡಿಯನ್ನರೆಂಬ ಫ್ರೆಂಚ್ ವಲಸಿಗರು 1680ರ ದಶಕದಲ್ಲಿ ಇಲ್ಲಿಗೆ ಬಂದಾಗ ಕಾಡು ಕಡಿಯುವ ಬದಲು ಈ ಉಪ್ಪು ಜೌಗನ್ನೇ ಹೊಲ ಮಾಡಲು ಹೊರಟರು. ಹೇಗೆ?

ಮೊದಲು ಹೆಂಟೆ ಕಡಿಯಬೇಕು. ಜೌಗಿನ ಹುಲ್ಲಿನ ಬೇರು ಮಣ್ಣನ್ನು ಬಲೆಯಂತೆ ಹಿಡಿದಿರುತ್ತದೆ. ಕಿರಿದಾದ ಅಲಗಿನ ಸಲಿಕೆಯಿಂದ ಅದನ್ನು ಇಟ್ಟಿಗೆಯಂತೆ ಕತ್ತರಿಸಿ ತೆಗೆಯುತ್ತಿದ್ದರು.

ಆಮೇಲೆ ಒಡ್ಡು. ಎರಡೂ ಮೈಗೆ ಹೆಂಟೆ ಜೋಡಿಸಿ, ನಡುವೆ ಮಣ್ಣು ತುಂಬುವುದು. ಹೆಂಟೆಯ ಹುಲ್ಲು ಚಿಗುರಿದರೆ ಗೋಡೆ ಇನ್ನಷ್ಟು ಗಟ್ಟಿ. ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ, ಎರಡು ಉಬ್ಬರಗಳ ನಡುವೆ ಸಿಗುವ ಹೊತ್ತೂ ಕಡಿಮೆ. ಇಡೀ ಊರೇ ಇಳಿಯಬೇಕು.

ನಿಜವಾದ ಜಾಣತನ ಇರುವುದು ಮೂರನೆಯ ಹೆಜ್ಜೆಯಲ್ಲಿ. ಒಡ್ಡು ಕಟ್ಟಿದರೆ ಕಡಲೇನೋ ಹೊರಗುಳಿಯಿತು. ಮಳೆನೀರು, ಹಳ್ಳದ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ಹಳ್ಳ ಹರಿಯುವಲ್ಲಿ ಒಡ್ಡಿನ ಬುಡಕ್ಕೆ ಮರದ ತೂಬು ಹೂಳುತ್ತಿದ್ದರು. ಇದರ ಹೆಸರು ಅಬ್ವಾಟೋ. ಒಳಗೆ ಮೇಲಿನಿಂದ ತೂಗುಬಿಟ್ಟ ಒಂದು ಹಲಗೆ. ಅದು ಕಡಲ ಕಡೆಗೆ ಮಾತ್ರ ತೆರೆಯುತ್ತದೆ. ಇಳಿತದಲ್ಲಿ ಒಳಗಿನ ಸಿಹಿನೀರು ಅದನ್ನು ತಳ್ಳಿಕೊಂಡು ಹೊರಗೆ ಹರಿಯುತ್ತದೆ. ಉಬ್ಬರ ಬಂದಾಗ ಕಡಲೇ ಹಲಗೆಯನ್ನು ಒತ್ತಿ ಮುಚ್ಚುತ್ತದೆ. ಕಾವಲುಗಾರ ಬೇಡ, ಬೀಗವೂ ಬೇಡ. ಕಡಲನ್ನು ತಡೆಯುವ ಕೆಲಸವನ್ನು ಕಡಲಿಗೇ ವಹಿಸಿದ್ದರು, ಅಲ್ವಾ?

ಅಘನಾಶಿನಿ ದಡದ ಗಜನಿ ಗದ್ದೆ ಕಂಡವರಿಗೆ ಒಡ್ಡು, ತೂಬು ಹೊಸದಲ್ಲ. ಆದರೆ ನಮ್ಮವರು ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಪ್ಪುನೀರನ್ನು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಅಕೇಡಿಯನ್ನರಿಗೆ ಗೋಧಿ ಬೇಕಿತ್ತು. ಹಾಗಾಗಿ ಉಪ್ಪಿಗೆ ಒಳಗೆ ಜಾಗವೇ ಇರಲಿಲ್ಲ.

ನಾಲ್ಕನೆಯದು ಸುಮ್ನೆ ಕಾಯುವುದು. ಮಳೆ, ಹಿಮ ಸೇರಿ ಮಣ್ಣಿನ ಉಪ್ಪನ್ನು ತೊಳೆಯಲು ಎರಡು ಮೂರು ವರ್ಷ ಬೇಕು. ಆಮೇಲೆ ಸಿಗುವುದು ಬಹಳ ಫಲವತ್ತಾದ ನೆಲ.

ಕೊನೆಯದು, ಮುಗಿಯದ ಕೆಲಸ: ರಿಪೇರಿ. 1755ರಲ್ಲಿ ಬ್ರಿಟಿಷರು ಅಕೇಡಿಯನ್ನರನ್ನು ಹಡಗು ಹತ್ತಿಸಿ ಗಡೀಪಾರು ಮಾಡಿದರು. ಗ್ರಾಂ ಪ್ರೇ ಸುತ್ತಮುತ್ತಲಿಂದಲೇ 2,000ಕ್ಕೂ ಹೆಚ್ಚು ಜನ ಹೋದರು. ಒಡ್ಡು ನೋಡುವವರಿಲ್ಲದಂತಾಯಿತು. 1759ರ ನವೆಂಬರ್‌ನಲ್ಲಿ ಬಿರುಗಾಳಿಯ ಜೊತೆ ಬಂದ ಕಡಲು ಅದನ್ನು ಒಡೆದು ಹೊಲಕ್ಕೆ ನುಗ್ಗಿತು. ಮರುವರ್ಷ ನ್ಯೂ ಇಂಗ್ಲೆಂಡಿನಿಂದ ಹೊಸ ರೈತರು ಬಂದರು. ಭೂಮಿ ಸಿಕ್ಕಿತು, ವಿದ್ಯೆ ಗೊತ್ತಿರಲಿಲ್ಲ. ಸರ್ಕಾರ ಆಗ ಸೆರೆಯಲ್ಲಿದ್ದ ಅಕೇಡಿಯನ್ನರನ್ನೇ ಕರೆಸಿ ಒಡ್ಡು ಕಟ್ಟಿಸಿತು. ತಮ್ಮಿಂದ ಕಿತ್ತುಕೊಂಡ ಹೊಲವನ್ನು ಬೇರೆಯವರಿಗಾಗಿ ರಿಪೇರಿ ಮಾಡುವುದು! ಈ ಊರಿನ ಕಥೆಯಲ್ಲಿ ನನಗೆ ಹೆಚ್ಚು ಚುಚ್ಚುವುದು ಇದೇ.

ಯುನೆಸ್ಕೊ ಗುರುತಿಸಿದ್ದೂ ಇವೆರಡನ್ನು: ಗಡೀಪಾರಾದವರ ನೆನಪು, ಮತ್ತು ಇಂದಿಗೂ ಬೆಳೆ ಕೊಡುವ ನೆಲ. ಹೊಲದ ಒಡೆಯರು ಈಗಲೂ ಒಟ್ಟಾಗಿ ಕೂತು ಇದರ ಉಸ್ತುವಾರಿ ಮಾಡುತ್ತಾರೆ. ಒಡ್ಡಿನ ಕೆಲಸಕ್ಕೆ ಪ್ರಾಂತ್ಯ ಸರ್ಕಾರದ ಯಂತ್ರಗಳು ಬರುತ್ತವೆ. ಕಡಲ ಮಟ್ಟ ಏರುತ್ತಿರುವುದರಿಂದ ಆ ಕೆಲಸ ಜಾಸ್ತಿಯಾಗುತ್ತಲೇ ಇದೆ.

ಹ್ಯಾಲಿಫ್ಯಾಕ್ಸ್‌ನಿಂದ ಕಾರಿನಲ್ಲಿ ಒಂದು ಗಂಟೆಯ ದಾರಿ. ಹೊರಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿಕೊಳ್ಳಿ. ಇಳಿತದಲ್ಲಿ ಒಮ್ಮೆ ಹೋಗಿ ಆಚೆಯ ಕೆಂಪು ಕೆಸರನ್ನು ನೋಡಿ. ಊಟ ಮುಗಿಸಿ, ಆರು ಗಂಟೆ ಬಿಟ್ಟು ಅದೇ ಜಾಗಕ್ಕೆ ಮತ್ತೆ ಬನ್ನಿ.