ಚಾಂಪಿಯನ್ ರೀಫ್ಸ್‌ನ ಎಲ್ಮಾರ್: ಹಳೆಯ ಲೆನ್ಸ್ ಕೊಳ್ಳುವ ಮುನ್ನ ನಾನು ನೋಡಿದ್ದು

ಲೆನ್ಸಿನ ಮೇಲೆ ಕೆತ್ತಿರುವ ಹೆಸರನ್ನು ನಾನು ಈಗ ಎಲ್ಲಕ್ಕಿಂತ ಕೊನೆಯಲ್ಲಿ ಓದುತ್ತೇನೆ. ಹತ್ತು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ‘ಲೈಟ್ಸ್ ಎಲ್ಮಾರ್’ (ಲೈಕಾ ಕ್ಯಾಮೆರಾ ತಯಾರಿಸುತ್ತಿದ್ದ ಜರ್ಮನ್ ಕಂಪನಿಯ ಲೆನ್ಸ್) ಎಂಬ ಅಕ್ಷರಗಳನ್ನು ಕಂಡೊಡನೆ ಒಂಬತ್ತು ಸಾವಿರ ರೂಪಾಯಿ ಎಣಿಸಿಕೊಟ್ಟು ಒಂದು ಲೆನ್ಸ್ ತಂದಿದ್ದೆ. ಮನೆಯಲ್ಲಿ ನಿಧಾನವಾಗಿ ಪರೀಕ್ಷಿಸಿದ ಮೇಲೆ ಅದು ಸೋವಿಯತ್ ಒಕ್ಕೂಟದ ಫೆಡ್ ಲೆನ್ಸ್ ಎಂದು ತಿಳಿಯಿತು. ಫೆಡ್ ಕ್ಯಾಮೆರಾ 1934ರಿಂದ ಖಾರ್ಕಿವ್‌ನಲ್ಲಿಯೂ, ಜೋರ್ಕಿ 1948ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿಯೂ ತಯಾರಾದವು. ಎರಡೂ ಲೈಕಾದ ಮಾದರಿಯನ್ನೇ ಅನುಸರಿಸಿದ್ದರಿಂದ, ಅವುಗಳ ಹೆಸರನ್ನು ಉಜ್ಜಿ ತೆಗೆದು ಜರ್ಮನ್ ಹೆಸರನ್ನು ಕೆತ್ತಿ ಮಾರುವವರು ಹುಟ್ಟಿಕೊಂಡರು. ಆ ಲೆನ್ಸ್ ಕೆಟ್ಟದ್ದಲ್ಲ, ಅದಕ್ಕೆ ನಾನು ಕೊಟ್ಟ ಬೆಲೆ ತಪ್ಪಾಗಿತ್ತು.

ಕಳೆದ ಫೆಬ್ರವರಿಯಲ್ಲಿ ಕೆ.ಜಿ.ಎಫ್.ನ ಚಾಂಪಿಯನ್ ರೀಫ್ಸ್‌ನಲ್ಲಿ, ಗಣಿಯ ಸರ್ವೆ ವಿಭಾಗದಲ್ಲಿ ದುಡಿದ ಹಿರಿಯರೊಬ್ಬರ ಮನೆಯಲ್ಲಿ ಹಳೆಯ ಲೈಕಾ ಇದೆಯೆಂದು ತಿಳಿದು, ಕೋಲಾರದಿಂದ ಬಂಗಾರಪೇಟೆ ದಾಟಿ ಅಲ್ಲಿಗೆ ಹೋದೆ. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬರು ಅದನ್ನು ತಮ್ಮ ತಂದೆಗೆ ಕೊಟ್ಟಿದ್ದರೆಂದು ಅವರು ಹೇಳಿದರು. ಆ ಕಥೆಯನ್ನು ಗೌರವದಿಂದ ಕೇಳಿದೆ, ಆದರೆ ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ. “ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಪ್ಪಾ, ಅವಸರವಿಲ್ಲ” ಎಂದು ಅವರು ಕ್ಯಾಮೆರಾವನ್ನು ಮೇಜಿನ ಮೇಲಿಟ್ಟರು. ಶಟರಿನ ಬಟ್ಟೆ ಹರಿದಿತ್ತು. ನನಗೆ ಬೇಕಾಗಿದ್ದದ್ದು ಲೆನ್ಸ್ ಮಾತ್ರ.

ಮೊದಲು ಕೈಗೆ ಕೆಲಸ ಕೊಟ್ಟೆ. ಎಲ್ಮಾರ್ ಒಳಕ್ಕೆ ಮಡಚಿಕೊಳ್ಳುವ ಲೆನ್ಸ್ ಆದ್ದರಿಂದ ಕೊಳವೆಯನ್ನು ಹೊರಗೆಳೆದು ತಿರುಗಿಸಿ ಲಾಕ್ ಮಾಡಿ, ಎರಡು ಬೆರಳಲ್ಲಿ ಹಿಡಿದು ಅಲುಗಿಸಿದೆ. ಕೊಳವೆ ಅಲುಗಿದರೆ ಲೆನ್ಸ್ ಫಿಲ್ಮಿಗೆ ನೇರವಾಗಿ ಕೂರುವುದಿಲ್ಲ. ಇದು ಗಟ್ಟಿಯಾಗಿತ್ತು. ಫೋಕಸ್ ತಿರುಗಿಸಿದಾಗ ಮಾತ್ರ ಒಳಗಿನಿಂದ ಮರಳು ಅರೆದಂತಹ ಸಣ್ಣ ಸದ್ದು ಕೇಳಿಸಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ (ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳ) ಬೂದು ಬಣ್ಣದ ನುಣ್ಣನೆಯ ಪುಡಿ ಗಾಳಿಗೆ ಎದ್ದು ಮನೆಗಳೊಳಗೆ ಬರುತ್ತಲೇ ಇರುವ ಆ ಊರಿನಲ್ಲಿ, ತಿರುಪಿನ ಸುತ್ತುಗಳಲ್ಲಿ ಧೂಳು ಕೂತಿರುವುದು ಸಹಜ. ಗ್ರೀಸ್ ಬದಲಿಸಿದರೆ ಸರಿಹೋಗುವ ದೋಷವೆಂದು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಮುಂದಿನದು ಅಸಲಿಯೋ ನಕಲಿಯೋ ಎಂಬ ಪ್ರಶ್ನೆ. ಕ್ಯಾಮೆರಾದ ಬಾಯಿಯೊಳಗೆ ನೋಡಿದರೆ ಲೆನ್ಸಿನ ಹಿಂಭಾಗವನ್ನು ಮುಟ್ಟುವ ತೋಳಿನ ತುದಿಯಲ್ಲಿ ದುಂಡನೆಯ ಉರುಳೆ ಇತ್ತು. ಫೆಡ್, ಜೋರ್ಕಿಗಳಲ್ಲಿ ಅಲ್ಲಿ ಬೆಣೆಯಂತಹ ಲೋಹದ ತುಂಡಿರುತ್ತದೆ. ಕ್ಯಾಮೆರಾ ಅಸಲಿ ಎಂಬುದಕ್ಕೆ ಇದು ಒಳ್ಳೆಯ ಗುರುತು, ಆದರೆ ಅಸಲಿ ಕ್ಯಾಮೆರಾಕ್ಕೆ ನಕಲಿ ಲೆನ್ಸ್ ಹಾಕಿರಬಹುದು. ಅಪರ್ಚರ್, ಎಂದರೆ ಬೆಳಕು ಹಾಯುವ ರಂಧ್ರದ, ಅಂಕಿಗಳು 3.5, 4.5, 6.3, 9, 12.5, 18 ಎಂಬ ಹಳೆಯ ಸಾಲಿನಲ್ಲಿದ್ದವು. ಹಳೆಯ ಫೆಡ್‌ನಲ್ಲಿಯೂ ಇದೇ ಸಾಲು ಇರುವುದರಿಂದ ಅದನ್ನು ನೆಚ್ಚಿಕೊಳ್ಳಲಾಗದು. ದೂರದ ಅಂಕಿಗಳು ಅಡಿಗಳಲ್ಲಿದ್ದದ್ದು ಮಾತ್ರ ಹಿರಿಯರ ಕಥೆಗೆ ಹೊಂದುತ್ತಿತ್ತು.

ನಾನು ನಂಬುವ ಪರೀಕ್ಷೆ ಬೇರೆ. ಮ್ಯಾಕ್ಸ್ ಬೆರೆಕ್ ರೂಪಿಸಿದ ಎಲ್ಮಾರ್‌ನಲ್ಲಿ ಅಪರ್ಚರ್ ಬ್ಲೇಡುಗಳು ಮೊದಲ ಗಾಜಿನ ಹಿಂದೆಯೇ ಇರುತ್ತವೆ. ಫೆಡ್ ಮತ್ತು ಜೋರ್ಕಿಯ ಇಂಡಸ್ಟಾರ್-22 ಲೆನ್ಸುಗಳಲ್ಲಿ ಎರಡು ಗಾಜುಗಳು ಕಳೆದ ಮೇಲೆ ಬ್ಲೇಡು ಬರುತ್ತದೆ. ಗಾಜಿನ ಪ್ರತಿಯೊಂದು ಮುಖವೂ ಬೆಳಕನ್ನು ಒಂದಿಷ್ಟು ಹಿಂದಿರುಗಿಸುವುದರಿಂದ ಇದನ್ನು ಬಿಚ್ಚದೆಯೇ ಎಣಿಸಬಹುದು. ಕಿಟಕಿ ಮುಚ್ಚಿಸಿ, ಅಪರ್ಚರನ್ನು 18ಕ್ಕೆ ಇಳಿಸಿದೆ. ಆಗ ನಡುವಿನ ರಂಧ್ರ 3 ಮಿ.ಮೀ.ಗಿಂತ ಕಿರಿದಾಗಿ, ಹಿಂದಿನ ಗಾಜುಗಳ ಹೊಳಪು ಬಹುಮಟ್ಟಿಗೆ ಮರೆಯಾಗುತ್ತದೆ. ಚಿಕ್ಕ ಟಾರ್ಚನ್ನು ಕಣ್ಣಿನ ಪಕ್ಕದಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿದಾಗ ಬ್ಲೇಡುಗಳ ಮುಂದೆ ಎರಡೇ ದೀಪಗಳು ತೇಲಿದವು. ಬೆಂಗಳೂರಿನಲ್ಲಿ ಕೊಂಡ ಲೆನ್ಸಿನಲ್ಲಿ ನಾಲ್ಕು ಕಾಣುತ್ತವೆ. ಎರಡೂ ದೀಪಗಳು ಬಣ್ಣವಿಲ್ಲದೆ ಬೆಳ್ಳಗಿದ್ದವು, ಎಂದರೆ ಗಾಜಿಗೆ ಪ್ರತಿಫಲನ ತಗ್ಗಿಸುವ ಕೋಟಿಂಗ್ ಇರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಲ್ಮಾರ್‌ನಲ್ಲಿ ಇರಬೇಕಾದದ್ದೂ ಹಾಗೆಯೇ. ಆಗ ಹೆಸರನ್ನು ಓದಿದೆ.

ಅಸಲಿಯಾದ ಮಾತ್ರಕ್ಕೆ ಲೆನ್ಸ್ ಚೆನ್ನಾಗಿದೆ ಎಂದಲ್ಲ. ಅಪರ್ಚರ್ ಪೂರ್ತಿ ತೆರೆದು, ಟಾರ್ಚನ್ನು ಹಿಂದಿನಿಂದ ಓರೆಯಾಗಿ ಬಿಟ್ಟು, ಮುಂದಿನಿಂದ ಭೂತಗನ್ನಡಿಯಲ್ಲಿ ನೋಡಿದೆ. ಮುಂದಿನ ಗಾಜಿನ ಮೇಲೆ ಒರೆಸಿ ಒರೆಸಿ ಆದ ಕೂದಲೆಳೆಯಂತಹ ಗೀರುಗಳಿದ್ದವು, ಆಳವಾದ ಗೀರು ಇರಲಿಲ್ಲ. ಗ್ರಾಹಕರು ಸಾಮಾನ್ಯವಾಗಿ ಒಂದು ದೊಡ್ಡ ಗೀರಿಗೆ ಹೆದರಿ ಇಂಥ ನೂರಾರು ಸಣ್ಣ ಗೀರುಗಳನ್ನು ಕಡೆಗಣಿಸುತ್ತಾರೆ, ಆದರೆ ಚಿತ್ರದ ಕಾಂಟ್ರಾಸ್ಟ್ ತಗ್ಗಿಸುವುದು ಇವೇ. ಹಿಂದಿನ ಎರಡು ಗಾಜುಗಳನ್ನು ಕೆನಡಾ ಬಾಲ್ಸಂ ಎಂಬ ಅಂಟಿನಿಂದ ಸೇರಿಸಿರುತ್ತಾರೆ. ಅದು ಬಿಟ್ಟುಕೊಂಡಿದ್ದರೆ ಅಂಚಿನಲ್ಲಿ ಕಾಮನಬಿಲ್ಲಿನಂತಹ ಬಣ್ಣ ಕಾಣುತ್ತದೆ, ಇಲ್ಲಿ ಕಾಣಲಿಲ್ಲ. ಬ್ಲೇಡಿನ ಹತ್ತಿರದ ಗಾಜಿನ ಮೇಲೆ ಹಾಲು ಬಳಿದಂತೆ ತೆಳುವಾದ ಮಬ್ಬಿತ್ತು. ಬೂಷ್ಟಾಗಿದ್ದರೆ ಜೇಡರ ಬಲೆಯಂತೆ ಎಳೆಗಳು ಕವಲೊಡೆದಿರಬೇಕಿತ್ತು. ಇದು ಒಂದೇ ಸಮನಾಗಿ ಹರಡಿದ್ದರಿಂದ ಹಳೆಯ ಗ್ರೀಸಿನ ಎಣ್ಣೆ ಆವಿಯಾಗಿ ಕೂತಿದೆ ಎಂದು ತೀರ್ಮಾನಿಸಿದೆ. ಅಂಥ ಮಬ್ಬು ಒರೆಸಿದರೆ ಹೋಗುತ್ತದೆ, ಆದರೆ ಅದರಡಿ ಗಾಜೇ ಸವೆದಿದ್ದರೆ ಅದು ಬಿಚ್ಚುವವರೆಗೂ ತಿಳಿಯದು. ಆ ಅನುಮಾನವನ್ನು ಬೆಲೆಯಲ್ಲಿ ಕಳೆಯಲೇಬೇಕು.

ಇಂಥ ಹಳೆಯ ಲೈಕಾದ ಬೆನ್ನು ತೆರೆಯುವುದಿಲ್ಲವಾದ್ದರಿಂದ ನಾನು ಬೆನ್ನು ಕಳಚಬಹುದಾದ ಜೋರ್ಕಿ-4 ಒಂದನ್ನು ಜೊತೆಗೆ ಒಯ್ಯುತ್ತೇನೆ. ಲೆನ್ಸನ್ನು ಅದಕ್ಕೆ ತಿರುಚಿ ಹಾಕಿ, ಫಿಲ್ಮ್ ಹಾಯುವ ಒಳಗಿನ ಎರಡು ಹಳಿಗಳ ಮೇಲೆ ಟ್ರೇಸಿಂಗ್ ಕಾಗದವನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ಬಿ ಸ್ಥಾನದಲ್ಲಿ (ಗುಂಡಿ ಒತ್ತಿರುವವರೆಗೂ ಶಟರ್ ತೆರೆದೇ ಇರುವ ಸ್ಥಾನ) ತೆರೆದಿಟ್ಟೆ. ಜೋರ್ಕಿಯಲ್ಲಿ ಶಟರ್ ಏರಿಸಿದ ಮೇಲೆಯೇ ವೇಗದ ಗುಂಡಿ ತಿರುಗಿಸಬೇಕು, ಮೊದಲೇ ತಿರುಗಿಸಿದರೆ ಒಳಗಿನ ಭಾಗ ಕೆಡಬಹುದು. ಜಗಲಿಯಿಂದ ದೂರದ ಗಣಿ ಗೋಪುರದ ಕಡೆಗೆ ಹಿಡಿದು ಟವೆಲ್ ಹೊದ್ದುಕೊಂಡಾಗ, ಕಾಗದದ ಮೇಲೆ ತಲೆಕೆಳಗಾಗಿ ಮೂಡಿದ ಗೋಪುರದ ಅಂಚು ಅನಂತದ (ಅತಿ ದೂರದ ಫೋಕಸಿನ) ಲಾಕ್ ಕೂತ ಜಾಗದಲ್ಲಿಯೇ ಚೂಪಾಯಿತು. ಒಳಗೆ ಬಂದು ಗೋಡೆಯ ಕ್ಯಾಲೆಂಡರಿಗೆ 4 ಅಡಿ ಟೇಪ್ ಹಿಡಿದು ಅಳೆದೆ. ದೂರ ಅಳೆಯುವ ರೇಂಜ್‌ಫೈಂಡರಿನ ಎರಡು ಬಿಂಬಗಳು ಒಂದಾದಾಗ ಲೆನ್ಸಿನ ಅಂಕಿಯೂ 4ಕ್ಕೆ ನಿಂತಿತ್ತು, ಕಾಗದದ ಮೇಲೆ ತಾರೀಖೂ ಸ್ಪಷ್ಟವಾಗಿತ್ತು.

ತಿರುಪಿನ ವ್ಯಾಸ ಒಂದೇ ಇದ್ದ ಮಾತ್ರಕ್ಕೆ ಲೆನ್ಸ್ ಹೊಂದುತ್ತದೆಂದು ತಿಳಿಯಬಾರದು. ಹಳೆಯ ಸೋವಿಯತ್ ಜೆನಿತ್ ಎಸ್.ಎಲ್.ಆರ್. (ಒಳಗೆ ಕನ್ನಡಿಯಿರುವ) ಕ್ಯಾಮೆರಾಗಳದ್ದೂ 39 ಮಿ.ಮೀ. ತಿರುಪೇ, ಆದರೆ ಅಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮಿಗೆ 45.2 ಮಿ.ಮೀ. ಅಂತರ, ಲೈಕಾದಲ್ಲಿ 28.8 ಮಾತ್ರ. ಕಾಗದದ ಪರೀಕ್ಷೆ ಅಂಥ ಲೆನ್ಸನ್ನೂ ಆ ಕ್ಷಣದಲ್ಲಿಯೇ ಹಿಡಿದುಕೊಡುತ್ತದೆ.

ಕಂಡದ್ದನ್ನೆಲ್ಲ ಹಿರಿಯರಿಗೆ ಟಾರ್ಚ್ ಹಿಡಿದು ತೋರಿಸಿ, ಗ್ರೀಸಿನ ಮತ್ತು ಶುಚಿಯ ಖರ್ಚನ್ನು ಕಳೆದು ಬೆಲೆ ಹೇಳಿದೆ. ಅವರು ಐನೂರು ಹೆಚ್ಚು ಕೇಳಿದರು, ನಾನು ಒಪ್ಪಿಕೊಂಡೆ. ಬಿಚ್ಚಿ ಶುಚಿ ಮಾಡಿಸಿದಾಗ ಮಬ್ಬು ಹೋಯಿತು, ಅಂಚಿನಲ್ಲಿ ಉಗುರಿನ ಬಿಳಿಯಷ್ಟು ಒಂದು ಕಲೆ ಮಾತ್ರ ಉಳಿಯಿತು. ಅಂತರಗಂಗೆಯ ಮೆಟ್ಟಿಲುಗಳಲ್ಲಿ ಬೆಳಗಿನ ಸೂರ್ಯನಿಗೆ ಎದುರಾಗಿ ತೆಗೆದ ಮೂರು ಚಿತ್ರಗಳು ಮಂಕಾಗಿ ಬಂದದ್ದರಿಂದ, ಈಗ ಅದಕ್ಕೆ ಸದಾ 36 ಮಿ.ಮೀ. ಹುಡ್ (ಓರೆ ಬೆಳಕನ್ನು ತಡೆಯುವ ಮರೆ) ಹಾಕಿರುತ್ತೇನೆ.